ಓಡುತ್ತಿರುವ ವಿಎಂ ಡಿಸ್ಕ್ ಹಿಗ್ಗದಿದ್ದರೆ

ಸರ್, ಮಂಡ್ಯದ ನಿಮ್ಮ ಎರಡು ನೋಡ್‌ನ (ಅಂದರೆ ಎರಡು ಸರ್ವರ್ ಜೋಡಿಸಿದ) ಹೈಪರ್-ವಿ ಕ್ಲಸ್ಟರ್‌ನಲ್ಲಿ ವಿಎಂ (ವರ್ಚುವಲ್ ಮೆಷಿನ್) ಆಫ್ ಮಾಡದೆ 100 ಜಿಬಿ ಡಿಸ್ಕನ್ನು 200ಕ್ಕೆ ಏರಿಸಲು ಹೋದರೆ ಎಡಿಟ್ ಬಟನ್ ಮಸುಕಾಗಿದೆ ಅಂದಿದ್ದೀರಿ. ಮೊದಲು ಡಿಸ್ಕ್ ಯಾವ ಕಂಟ್ರೋಲರ್‌ನಲ್ಲಿದೆ (ಡಿಸ್ಕನ್ನು ವಿಎಂಗೆ ಜೋಡಿಸುವ ಭಾಗ, ಎಸ್‌ಸಿಎಸ್‌ಐ ಅಥವಾ ಐಡಿಇ) ನೋಡಿ. ಓಡುವಾಗಲೇ ಹಿಗ್ಗಿಸಲು ಅದು ಎಸ್‌ಸಿಎಸ್‌ಐನಲ್ಲಿರಬೇಕು, ಡಿಸ್ಕ್ ಫೈಲ್ ವಿಎಚ್‌ಡಿಎಕ್ಸ್ ಮಾದರಿಯದ್ದಾಗಿರಬೇಕು, ಹೋಸ್ಟ್ (ವಿಎಂ ಓಡಿಸುವ ಸರ್ವರ್) ವಿಂಡೋಸ್ ಸರ್ವರ್ 2012 ಆರ್2 ಅಥವಾ ಆಮೇಲಿನದ್ದಾಗಿರಬೇಕು. ಜನರೇಷನ್ 1 (ಹಳೆಯ ಮಾದರಿ) ವಿಎಂನ ಬೂಟ್ ಡಿಸ್ಕ್ ಐಡಿಇಯಲ್ಲಿರುತ್ತೆ. ಅದಕ್ಕೆ ಶಟ್‌ಡೌನ್ ಬಿಟ್ಟು ದಾರಿಯಿಲ್ಲ.

ಇವೆಲ್ಲ ಸರಿಯಿದ್ದರೆ ಚೆಕ್‌ಪಾಯಿಂಟ್ (ವಿಎಂನ ಆ ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಹುಡುಕಿ, ಅದಿದ್ದರೂ ಎಡಿಟ್ ಮಸುಕಾಗುತ್ತೆ. ನನಗೆ ಹೆಚ್ಚು ಅನುಮಾನ ಇದರ ಮೇಲೇ. ಬ್ಯಾಕಪ್ ಅರ್ಧಕ್ಕೆ ನಿಂತರೆ ಚೆಕ್‌ಪಾಯಿಂಟ್‌ನ ಎವಿಎಚ್‌ಡಿಎಕ್ಸ್ ಫೈಲ್ ಉಳಿದುಬಿಡುತ್ತೆ. ಪವರ್‌ಶೆಲ್‌ನಲ್ಲಿ ಗೆಟ್-ವಿಎಂಹಾರ್ಡ್‌ಡಿಸ್ಕ್‌ಡ್ರೈವ್ ಕೊಟ್ಟು, ಪಾತ್ ಎವಿಎಚ್‌ಡಿಎಕ್ಸ್ ಎಂದು ಮುಗಿಯುತ್ತಾ ನೋಡಿದರೆ ಗೊತ್ತಾಗುತ್ತೆ. ದಯವಿಟ್ಟು ಆ ಫೈಲನ್ನು ಕೈಯಾರೆ ಅಳಿಸಬೇಡಿ, ಚೆಕ್‌ಪಾಯಿಂಟ್ ಆದಮೇಲೆ ಬರೆದ ಡೇಟಾ ಎಲ್ಲ ಅದರಲ್ಲೇ ಇರುತ್ತೆ. ಚೆಕ್‌ಪಾಯಿಂಟ್ ಡಿಲೀಟ್ ಮಾಡಿ, ಮರ್ಜ್ (ಆ ಡೇಟಾ ಮೂಲ ಡಿಸ್ಕ್‌ಗೆ ಸೇರುವುದು) ಮುಗಿಯುವವರೆಗೆ ಕಾಯಿರಿ.

ಹಿಗ್ಗಿದ ಮೇಲೆ ಗೆಸ್ಟ್ (ವಿಎಂನಲ್ಲಿ ಓಡುವ ವಿಂಡೋಸ್) ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೀಸ್ಕ್ಯಾನ್, ಆಮೇಲೆ ಎಕ್ಸ್‌ಟೆಂಡ್ ವಾಲ್ಯೂಮ್. ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿದ್ದರೆ ಎಕ್ಸ್‌ಟೆಂಡ್ ವಾಲ್ಯೂಮ್ ಕೂಡ ಮಸುಕಾಗೇ ಇರುತ್ತೆ.

ಹಿಗ್ಗಿಸುವ ಬದಲು ಹೊಸ ಡಿಸ್ಕ್ ಸೇರಿಸುವುದಾದರೆ ಎರಡೂ ನೋಡ್‌ಗೆ ಸಿಗುವ ಕ್ಲಸ್ಟರ್‌ಸ್ಟೋರೇಜ್ ಫೋಲ್ಡರ್ ಒಳಗೇ ಇಡಿ. ನೋಡ್‌ನ ಸ್ವಂತ ಡಿಸ್ಕ್ ಮೇಲಿಟ್ಟರೆ ಇವತ್ತು ಓಡುತ್ತೆ, ಫೇಲ್‌ಓವರ್ (ಒಂದು ನೋಡ್ ಕೆಟ್ಟು ವಿಎಂ ಇನ್ನೊಂದಕ್ಕೆ ಹೋಗುವ) ದಿನ ಕೈಕೊಡುತ್ತೆ. ಬದಲಾವಣೆಯನ್ನೂ ಫೇಲ್‌ಓವರ್ ಕ್ಲಸ್ಟರ್ ಮ್ಯಾನೇಜರ್‌ನಿಂದಲೇ ಮಾಡಿ.