ಜಾಮೀನುದಾರನ ಕೈಯಲ್ಲಿದ್ದ ಹಗ್ಗ

ಓದುಗರ ಪತ್ರ: ಹಿಂದೆ ಇಂಗ್ಲೆಂಡಿನಲ್ಲಿ ಆರೋಪಿ ಓಡಿಹೋದರೆ ಜಾಮೀನು ನಿಂತವನನ್ನೇ ನೇಣಿಗೆ ಹಾಕುತ್ತಿದ್ದರು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಿಜವೇ? ಹೋದ ತಿಂಗಳಷ್ಟೇ ಅಕ್ಕನ ಮಗನಿಗೆ ಪಹಣಿ ಕೊಟ್ಟು ಜಾಮೀನು ನಿಂತಿದ್ದೇನೆ. ಈಗ ಅವನ ಮೇಲೆ ನಂಬಿಕೆ ಇಲ್ಲ. ಹಿಂದೆ ಸರಿಯಬಹುದಾ?

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಆ ಸಾಲಿಗೆ ಸ್ವಲ್ಪ ಜಾಸ್ತಿಯೇ ಒಗ್ಗರಣೆ ಬಿದ್ದಿತ್ತು. 'ದೇಹಕ್ಕೆ ದೇಹ' ಅಂತ ಹೇಳಿ ಜಾಮೀನು ನಿಲ್ಲುತ್ತಿದ್ದದ್ದು ನಿಜ. ಅವನು ಬರದಿದ್ದರೆ ನನ್ನ ದೇಹ ಇದೆ ಅಂತ ಮಾತು. ಆದರೆ ಆರೋಪಿ ಪರಾರಿಯಾದರೆ ಜಾಮೀನುದಾರರು ಸಾಮಾನ್ಯವಾಗಿ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದರು. ನೀವು ರಾತ್ರಿ ನಿದ್ದೆ ಮಾಡಬಹುದು.

ಅಲ್ಲಿ ಜಾಮೀನು ಹುಟ್ಟಿದ್ದು ಕರುಣೆಯಿಂದಲ್ಲ, ಜೈಲಿನ ಕಷ್ಟದಿಂದ. 1166ರಲ್ಲಿ ರಾಜ ಎರಡನೇ ಹೆನ್ರಿ ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯ ಥರ) ಜೈಲು ಕಟ್ಟಿಸಿ ಅಂತ ಆಜ್ಞೆ ಹೊರಡಿಸಿದ. ಜೈಲು ಬಂತು, ಜಡ್ಜು ಬರಬೇಕಲ್ಲ? ರಾಜನ ನ್ಯಾಯಾಧೀಶರು ಊರೂರು ಸುತ್ತಿ ಬರುವಷ್ಟರಲ್ಲಿ ಕೆಲವು ಕಡೆ ವರ್ಷಗಳೇ ಕಳೆಯುತ್ತಿದ್ದವು. ಅಲ್ಲಿತನಕ ಕೈದಿಯನ್ನು ಕಾಯಬೇಕಾದವನು ಶೆರಿಫ್, ಅಂದರೆ ಕೌಂಟಿಯಲ್ಲಿ ರಾಜನ ಅಧಿಕಾರಿ. ಕೈದಿ ತಪ್ಪಿಸಿಕೊಂಡರೆ ದಂಡ ಅವನ ತಲೆಗೆ. ಹಾಗಾಗಿ ಕೈದಿಯ ನೆಂಟರನ್ನೋ ನೆರೆಯವರನ್ನೋ ಕರೆದು 'ನೀವೇ ಇಟ್ಟುಕೊಳ್ಳಿ, ಕರೆದಾಗ ತಂದೊಪ್ಪಿಸಿ' ಅನ್ನುವುದು ಅವನಿಗೂ ಹಗುರ.

ಇಂಗ್ಲಿಷಿನ 'ಬೇಲ್' ಹಳೆಯ ಫ್ರೆಂಚಿನಿಂದ ಬಂದ ಪದ. ಮೂಲ ಅರ್ಥ 'ಒಪ್ಪಿಸು'. ಕೈದಿಯನ್ನು ಬಿಟ್ಟುಬಿಡುವುದಲ್ಲ, ಒಬ್ಬ ಕಾವಲುಗಾರನಿಂದ ಇನ್ನೊಬ್ಬನಿಗೆ ಒಪ್ಪಿಸುವುದು. ನೀವು ಕೇಳಿದ ನೇಣಿಗಿಂತ ನನಗೆ ಕುತೂಹಲ ಅನ್ನಿಸುವುದು ಇದೇ. ಜಾಮೀನುದಾರ ಅಂದರೆ ಖಾಸಗಿ ಜೈಲರ್. ಅನುಮಾನ ಬಂದರೆ ಆರೋಪಿಯನ್ನು ಹಿಡಿದು ತಂದು ಒಪ್ಪಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆರೋಪಿ ಯಾವಾಗಲೂ ಜಾಮೀನುದಾರರ ಹಗ್ಗದಲ್ಲಿರುತ್ತಾನೆ, ಬೇಕೆಂದಾಗ ಎಳೆಯಬಹುದು ಅಂತ 18ನೇ ಶತಮಾನದ ಆರಂಭದ ಒಂದು ತೀರ್ಪು ಹೇಳುತ್ತದೆ. ಭಾನುವಾರ ಕೂಡ ಹಿಡಿಯಬಹುದಂತೆ! ಹಿಡಿದು, ಮಾರನೇ ದಿನದವರೆಗೆ ಕೂಡಿಹಾಕಿ, ಆಮೇಲೆ ಒಪ್ಪಿಸುವುದು. ನಮ್ಮ ಗೂಟಕ್ಕೆ ಕಟ್ಟಿದ ಹಸುವಿನ ಥರ, ಅಲ್ವಾ? ಮೇಯಬಹುದು, ಆದರೆ ಹಗ್ಗದ ಉದ್ದದಷ್ಟೇ.

ಯಾರನ್ನು ಬಿಡಬೇಕು ಅನ್ನುವುದು ಬಹುಮಟ್ಟಿಗೆ ಶೆರಿಫನ ಇಷ್ಟ. ಅಲ್ಲೇ ಕೊಳೆ ಸೇರಿಕೊಂಡಿತು. 1275ರಲ್ಲಿ ಮೊದಲನೇ ಎಡ್ವರ್ಡ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ತಂದ ಶಾಸನದ 15ನೇ ಅಧ್ಯಾಯ ಶೆರಿಫರ ಮೇಲಿನ ದೂರಿನಿಂದಲೇ ಶುರುವಾಗುತ್ತದೆ. ಬಿಡಬಾರದವರನ್ನು ಬಿಡುತ್ತಾರೆ, ಬಿಡಬೇಕಾದವರನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಒಬ್ಬರಿಂದ ಗಿಟ್ಟಿಸಿಕೊಳ್ಳಲು, ಇನ್ನೊಬ್ಬರನ್ನು ಗೋಳು ಹುಯ್ದುಕೊಳ್ಳಲು. ಏಳೂವರೆ ಶತಮಾನದ ಹಿಂದಿನ ಮಾತು, ನಿನ್ನೆ ಬರೆದಂತಿದೆ.

ಆ ಶಾಸನ ಪಟ್ಟಿ ಮಾಡಿತು. ದೇಶದ್ರೋಹಿ, ಖೋಟಾ ನಾಣ್ಯ ಮಾಡಿದವನು, ಮನೆಗೆ ಬೆಂಕಿ ಇಟ್ಟವನು, ಜೈಲು ಮುರಿದವನು, ಕದ್ದ ಮಾಲಿನ ಸಮೇತ ಸಿಕ್ಕವನು, ಇವರಿಗೆ ಜಾಮೀನಿಲ್ಲ. ಬರೀ ಅನುಮಾನದ ಮೇಲೆ ಹಿಡಿದವನಿಗೆ ಇದೆ. 12 ಪೆನ್ನಿ ಮೀರದ ಸಣ್ಣ ಕಳ್ಳತನಕ್ಕೂ ಇದೆ. ಆ 12 ಪೆನ್ನಿಯ ಗೆರೆ ಸುಮ್ನೆ ಹಾಕಿದ್ದಲ್ಲ. ಅದನ್ನು ದಾಟಿದ ಕಳ್ಳತನಕ್ಕೆ ನೇಣು. ನಮ್ಮಲ್ಲಿ ಇವತ್ತಿಗೂ ಅಪರಾಧಗಳನ್ನು ಜಾಮೀನು ಸಿಗುವವು, ಸಿಗದವು ಅಂತ ವಿಂಗಡಿಸುತ್ತೇವಲ್ಲ, ಆ ಯೋಚನೆಯ ಹಳೆಯ ಬೇರು ಇಲ್ಲಿದೆ.

ಕೊಲೆ ಆರೋಪಿಗೂ ಒಂದು ಕಿಂಡಿ ಇತ್ತು. 'ಇದು ದ್ವೇಷ, ಮತ್ಸರದಿಂದ ಹೊರಿಸಿದ ಆರೋಪ' ಅಂತ ರಾಜನ ಕಚೇರಿಯಿಂದ ವಿಚಾರಣೆಯ ಆಜ್ಞೆ ತರಬಹುದಿತ್ತು. ವಿಚಾರಣೆಯಲ್ಲಿ ಹೌದೆಂದು ಕಂಡರೆ 12 ಜನರ ಜಾಮೀನಿನ ಮೇಲೆ ಹೊರಗೆ. ಈ ಆಜ್ಞೆಗೆ ದುಡ್ಡು ಕೀಳುತ್ತಿದ್ದರು. ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ 36ನೇ ಕಲಮಿನಲ್ಲಿ 'ಇನ್ನು ಮುಂದೆ ಪುಕ್ಕಟೆ ಕೊಡಬೇಕು' ಅಂತ ಬರೆಸಿಕೊಂಡದ್ದು ಅದಕ್ಕೇ.

ಆದರೆ ರಾಜನೇ ಒಳಗೆ ಹಾಕಿಸಿದರೆ? 1275ರ ಪಟ್ಟಿಯಲ್ಲೇ 'ರಾಜನ ಅಪ್ಪಣೆಯಂತೆ ಹಿಡಿದವರು' ಅಂತ ಒಂದು ಬಾಬ್ತು ಇತ್ತು. 1627ರಲ್ಲಿ ಮೊದಲನೇ ಚಾರ್ಲ್ಸ್ ಬಲವಂತವಾಗಿ ಕೇಳಿದ ಸಾಲ ಕೊಡದ ಐವರು ನೈಟ್‌ಗಳು ಕೋರ್ಟಿಗೆ ಹೋದರು. ಬಂಧನಕ್ಕೆ ತೋರಿಸಿದ ಕಾರಣ 'ರಾಜನ ವಿಶೇಷ ಅಪ್ಪಣೆ', ಅಷ್ಟೇ. ಜಾಮೀನು ಸಿಗಲಿಲ್ಲ. ಆ ಸಿಟ್ಟೇ ಮರುವರ್ಷ ಪಾರ್ಲಿಮೆಂಟು ರಾಜನ ಮುಂದಿಟ್ಟ ಹಕ್ಕುಗಳ ಅರ್ಜಿಗೆ ಒಂದು ಕಾರಣವಾಯಿತು. ಮುಂದೆ ಜಡ್ಜುಗಳು ಉಪಾಯ ಬದಲಿಸಿದರು. ಜಾಮೀನು ಇಲ್ಲ ಅನ್ನುವ ಬದಲು, ಯಾರೂ ಕೊಡಲಾಗದಷ್ಟು ಮೊತ್ತ ಹೇಳುವುದು! ವಿಪರೀತ ಜಾಮೀನು ಕೇಳಬಾರದು ಅಂತ 1689ರಲ್ಲಿ ಬರೆದಿಡಬೇಕಾಯಿತು.

ನಮ್ಮ ದೇಶಕ್ಕೂ ಆ ಚಾಳಿ ಹೊಸದಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆ ಸಹೋದರನ ಜಾಮೀನನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿತು. ನಿಮ್ಮ ಪಹಣಿ ಒಂದೇ ಸಲಕ್ಕೆ ಪಾಸಾಗಿದ್ದರೆ ಅದೃಷ್ಟವೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಹೌದು, ಹಿಂದೆ ಸರಿಯಬಹುದು. ಆದರೆ ಅಕ್ಕನ ಮಗನನ್ನು ಭಾನುವಾರ ಹಿಡಿದು ಕೋಣೆಯಲ್ಲಿ ಕೂಡಿಹಾಕಬೇಡಿ, ಮೊಕದ್ದಮೆ ನಿಮ್ಮ ಮೇಲೇ ಬೀಳುತ್ತದೆ. ನಮ್ಮ ಕಾನೂನಿನಲ್ಲಿ ಹಗ್ಗ ಮ್ಯಾಜಿಸ್ಟ್ರೇಟರ ಕೈಯಲ್ಲಿದೆ. ನನ್ನನ್ನು ಬಿಡುಗಡೆ ಮಾಡಿ ಅಂತ ಅವರಿಗೆ ಅರ್ಜಿ ಕೊಡಿ. ಅವರು ಹುಡುಗನನ್ನು ಕರೆಸಲು ವಾರಂಟ್ ಹೊರಡಿಸುತ್ತಾರೆ. ಅವನು ಬಂದು ನಿಂತ ಮೇಲೆ ನಿಮ್ಮ ಬಾಂಡ್ ರದ್ದಾಗುತ್ತದೆ. ಬೇರೆ ಜಾಮೀನು ತರುವಂತೆ ಅವನಿಗೆ ಹೇಳುತ್ತಾರೆ, ತರದಿದ್ದರೆ ಒಳಗೆ. ಅರ್ಜಿ ಹಾಕುವ ಮುಂಚೆ ಅಕ್ಕನ ಕಿವಿಗೆ ಒಂದು ಮಾತು ಹಾಕಿಡಿ. ಅಲ್ಲಿನ ಜಾಮೀನಿಗೆ ನಾವು ಜವಾಬ್ದಾರರಲ್ಲ.