ಕಡಿಮೆ ಖರ್ಚಿನಲ್ಲಿ ಪಿಕಪ್ ಎತ್ತರಿಸಲು ಯಾವ ಲಿಫ್ಟ್ ಕಿಟ್ ಹಾಕಿಸಬೇಕು?

ಬಜೆಟ್ ಕಡಿಮೆ ಇದ್ದರೆ 2 ಇಂಚಿನ ಆಸುಪಾಸಿಗೇ ನಿಲ್ಲಿಸಿ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಭಾಗ) ಮೇಲೆ ಕೂರುವ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ, ಹಿಂದೆ ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಇನ್ನೊಂದು ಪಟ್ಟಿ, ಇಷ್ಟು ಸಾಕು. ಸ್ಪ್ರಿಂಗ್, ಶಾಕ್ ಎಲ್ಲ ಹಳೆಯದೇ ಉಳಿಯುತ್ತೆ, ಅದಕ್ಕೇ ಅಗ್ಗ.

ಇನ್ನೂ ಮೇಲೆ ಯಾಕೆ ಬೇಡ? ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಆಡುವ ಪಿಕಪ್‌ನಲ್ಲಿ ಗಾಡಿ ಮೇಲೆದ್ದಷ್ಟೂ ಚಕ್ರ ಕೆಳಗೆ ಇಳಿಯುತ್ತೆ, ಆಗ ಅದನ್ನು ಹಿಡಿದಿರುವ ತೋಳು ಮತ್ತು ಅದರ ತುದಿಯ ಕೀಲಾದ ಬಾಲ್ ಜಾಯಿಂಟ್ ಓರೆಯಾಗುತ್ತವೆ, ಫೋರ್ ವೀಲ್ ಡ್ರೈವ್ ಆದರೆ ಚಕ್ರ ತಿರುಗಿಸುವ ಆಕ್ಸಲ್ ಕೂಡ. ಓರೆ ಜಾಸ್ತಿಯಾದರೆ ಆಕ್ಸಲ್ ಕೀಲಿನ ರಬ್ಬರ್ ಬೂಟಿನ (ಗ್ರೀಸ್ ಹಿಡಿದಿಡುವ ಹೊದಿಕೆ) ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ ಅಂತಲೇ ಅರ್ಥ. ಉಳಿಸಿದ ದುಡ್ಡು ರಿಪೇರಿಗೆ ಹೋಗುತ್ತೆ ಅಲ್ವಾ?

ಹಿಂದೆ ಪಟ್ಟಿ ಬದಲು ಬ್ಲಾಕ್ (ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಮಧ್ಯೆ ಇಡುವ ಲೋಹದ ತುಂಡು) ಇನ್ನೂ ಅಗ್ಗ, ಆದರೆ ಒಂದರ ಮೇಲೊಂದು ಪೇರಿಸಬೇಡಿ, ಮುಂದಿನ ಆಕ್ಸಲ್‌ಗಂತೂ ಹಾಕಲೇಬೇಡಿ, ಬ್ರೇಕ್ ಹೊಡೆದಾಗ ಜಾರಿದರೆ ಸ್ಟೀರಿಂಗೇ ಕೈಕೊಡುತ್ತೆ. ತುಂಬಾ ಭಾರ ಹೊರುವವರಿಗೆ ಹೆಚ್ಚುವರಿ ಪಟ್ಟಿಯೇ ಒಳ್ಳೆಯದು, ಖಾಲಿ ಗಾಡಿ ಸ್ವಲ್ಪ ಕುಲುಕುತ್ತೆ ಅಷ್ಟೇ. ಲಿಫ್ಟ್ ಆದ ತಕ್ಷಣ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅದರ ಖರ್ಚನ್ನೂ ಬಜೆಟ್‌ನಲ್ಲೇ ಸೇರಿಸಿಕೊಳ್ಳಿ.