ಸೆಲ್ಫ್ ಮೋಟಾರ್: ರಿಪೇರಿಯೋ, ಬದಲಾವಣೆಯೋ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಈಗ 11 ವರ್ಷ. ಕೆಲವು ವಾರಗಳಿಂದ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಒಂದೇ ಸದ್ದು ಬಂದು ಸುಮ್ಮನಾಗುತ್ತದೆ. ಮೂರು ನಾಲ್ಕು ಸಲ ಪ್ರಯತ್ನಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಒಬ್ಬ ಮೆಕ್ಯಾನಿಕ್ ಸೆಲ್ಫ್ ಅನ್ನು, ಅಂದರೆ ಸ್ಟಾರ್ಟರ್ ಮೋಟಾರನ್ನೇ ಹೊಸದಾಗಿ ಹಾಕಿಸಬೇಕೆಂದರು; ಮತ್ತೊಬ್ಬರು ಅದರೊಳಗಿನ ಕಾರ್ಬನ್ ಬ್ರಷ್ ಬದಲಿಸಿದರೆ ಸಾಕೆಂದರು. ಯಾರ ಮಾತನ್ನು ನಂಬಲಿ?

ಉತ್ತರ: ಇಬ್ಬರೂ ಮೋಟಾರನ್ನು ಬಿಚ್ಚಿ ನೋಡದೆಯೇ ಹೇಳಿದ್ದರೆ, ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ದೋಷ ಮೋಟಾರಿನದೇ ಎಂಬುದು ಮೊದಲು ಖಚಿತವಾಗಬೇಕು. ಕತ್ತಲಲ್ಲಿ ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿ ನೋಡಿ. ‘ಟಕ್’ ಎಂದಾಗ ಬೆಳಕು ತೀರಾ ಮಂಕಾದರೆ ಬ್ಯಾಟರಿ ಬಲಗುಂದಿರಬಹುದು, ಬ್ಯಾಟರಿಯ ತಲೆಯ ಹಿಡಿಕೆಗಳು ತುಕ್ಕು ಹಿಡಿದು ಸಡಿಲಗೊಂಡಿರಬಹುದು ಅಥವಾ ಮೋಟಾರ್ ಒಳಗೇ ಬಿಗಿದುಕೊಂಡಿರಬಹುದು. ಬೆಳಕು ಕುಗ್ಗದೆ ಹಾಗೆಯೇ ಉಳಿದರೆ ಮೋಟಾರಿಗೆ ವಿದ್ಯುತ್ ಹರಿಯುತ್ತಲೇ ಇಲ್ಲವೆಂದು ಅರ್ಥ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥಿಂಗ್ ಪಟ್ಟಿ ಕೊಳೆಯಾಗಿದ್ದ ಒಂದೇ ಕಾರಣಕ್ಕೆ ಚೆನ್ನಾಗಿದ್ದ ಮೋಟಾರುಗಳನ್ನು ಬದಲಿಸಿದವರು ಕಡಿಮೆಯೇನಿಲ್ಲ.

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಮುಂದುವರಿದರೆ, ನೀವು ಹೇಳಿದ ಲಕ್ಷಣ ಎರಡು ಜಾಗಗಳತ್ತ ಬೆರಳು ತೋರಿಸುತ್ತದೆ. ಮೊದಲನೆಯದು ಸೊಲೆನಾಯ್ಡ್, ಅಂದರೆ ಮೋಟಾರಿನ ವಿದ್ಯುತ್ಕಾಂತದ ಸ್ವಿಚ್. ಕೀಲಿ ತಿರುಗಿಸಿದಾಗ ಅದು ಮೋಟಾರಿನ ತುದಿಯ ಚಿಕ್ಕ ಪಿನಿಯನ್ ಗಿಯರನ್ನು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲುಗಳತ್ತ ತಳ್ಳುತ್ತದೆ, ಜೊತೆಗೆ ಒಳಗಿನ ತಾಮ್ರದ ಎರಡು ತುಂಡುಗಳ ನಡುವೆ ಸಂಪರ್ಕ ಕೂಡಿಸಿ ಮೋಟಾರಿಗೆ 100 ಆಂಪಿಯರಿಗೂ ಹೆಚ್ಚಿನ ವಿದ್ಯುತ್ತನ್ನು ಬಿಡುತ್ತದೆ. ಪ್ರತಿ ಸ್ಟಾರ್ಟಿನಲ್ಲೂ ಅಲ್ಲಿ ಕಿಡಿ ಹಾರಿ ತಾಮ್ರ ಸ್ವಲ್ಪ ಸ್ವಲ್ಪವೇ ಸುಡುತ್ತಾ ಹೋಗುವುದರಿಂದ, ಒಂದು ದಿನ ‘ಟಕ್’ ಸದ್ದಷ್ಟೇ ಬಂದು ವಿದ್ಯುತ್ ದಾಟುವುದಿಲ್ಲ. ಎರಡನೆಯದು ಕಾರ್ಬನ್ ಬ್ರಷ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ದಾಟಿಸುವ ತುಂಡು. ಬ್ರಷ್ ಸವೆದು ಗಿಡ್ಡವಾದಾಗ ಹಿಂದಿನ ಸ್ಪ್ರಿಂಗಿಗೆ ಅದನ್ನು ಕಮ್ಯುಟೇಟರಿಗೆ (ತಿರುಗುವ ಭಾಗದ ತುದಿಯಲ್ಲಿರುವ ತಾಮ್ರದ ಪಟ್ಟಿಗಳ ಉರುಳೆಗೆ) ಒತ್ತಿಹಿಡಿಯಲು ಆಗುವುದಿಲ್ಲ. ಹೀಗಾಗಿ ಸಂಪರ್ಕ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತದೆ. ನಾಲ್ಕನೇ ಯತ್ನದಲ್ಲಿ ಸ್ಟಾರ್ಟ್ ಆಗುವ ಗುಟ್ಟು ಇದೇ ಇರಬಹುದು. ಮೋಟಾರಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಕೆಲಸ ಮಾಡುವುದೂ ಇದರಿಂದಲೇ. ಆದರೆ ಈಗಿನ ಅನೇಕ ಮೋಟಾರುಗಳಲ್ಲಿ ತಂತಿ ಸುತ್ತಿದ ಫೀಲ್ಡ್ ಕಾಯಿಲಿನ ಬದಲು ಶಾಶ್ವತ ಅಯಸ್ಕಾಂತಗಳಿರುತ್ತವೆ. ಜೋರಾಗಿ ಬಡಿದರೆ ಅವು ಬಿರುಕು ಬಿಟ್ಟು, ರಿಪೇರಿಗೆ ಸಿಗುತ್ತಿದ್ದ ಮೋಟಾರ್ ಗುಜರಿಗೆ ಸೇರುತ್ತದೆ.

ಬ್ರಷ್, ಸೊಲೆನಾಯ್ಡ್, ತಿರುಗುವ ದಂಡವನ್ನು ಹಿಡಿದಿಡುವ ಬುಷ್ ಇವೆಲ್ಲ ಸವೆಯುವುದಕ್ಕೆಂದೇ ಇರುವ ಭಾಗಗಳು. ಸವೆದಿರುವುದು ಇವಷ್ಟೇ ಆಗಿದ್ದು ಬಿಡಿಭಾಗ ಸಿಗುವಂತಿದ್ದರೆ ರಿಪೇರಿಯೇ ಸರಿಯೆಂಬುದು ನನ್ನ ಅಭಿಪ್ರಾಯ. ತೀರ್ಪು ನಿಲ್ಲುವುದು ಆರ್ಮೇಚರಿನ, ಅಂದರೆ ತಂತಿ ಸುತ್ತಿದ ತಿರುಗುವ ಭಾಗದ ಮೇಲೆ. ಕಮ್ಯುಟೇಟರ್ ಎಲ್ಲೆಡೆ ಸಮವಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಚಿಂತಿಸಬೇಕಿಲ್ಲ. ತುಸು ಗೀರು ಬಿದ್ದಿದ್ದರೆ ಲೇತಿನಲ್ಲಿ ತೆಳುವಾಗಿ ಹೆರೆಸಬಹುದು. ಅಲ್ಲೊಂದು ಇಲ್ಲೊಂದು ಪಟ್ಟಿ ಮಾತ್ರ ಕರಕಲಾಗಿದ್ದರೆ ಅದಕ್ಕೆ ಸೇರಿದ ಸುರುಳಿ ತುಂಡಾಗಿದೆ ಎಂಬ ಸಂಶಯ ಬರಬೇಕು. ಕಾವಿಗೆ ಬೆಸುಗೆ ಕರಗಿ ಒಳಗೋಡೆಗೆ ಸಿಡಿದಿದ್ದರೆ, ಅಥವಾ ಬುಷ್ ಸವೆದು ಆರ್ಮೇಚರ್ ವಾಲಿಕೊಂಡು ಸುತ್ತಲಿನ ಧ್ರುವಗಳಿಗೆ ಆಳವಾಗಿ ಉಜ್ಜಿದ ಗುರುತುಗಳಿದ್ದರೆ, ಬ್ರಷ್ ಹಾಕಿಸಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಆರ್ಮೇಚರನ್ನು ರೀವೈಂಡಿಂಗ್ ಮಾಡಿಸಬಹುದಾದರೂ, ಸಾಮಾನ್ಯ ಕಾರುಗಳ ಮಟ್ಟಿಗೆ ಅದು ಬದಲಾವಣೆಯಷ್ಟು ಲಾಭದಾಯಕವಲ್ಲ.

ಇನ್ನೊಂದು ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಕೆಲವು ಕಾರುಗಳಲ್ಲಿ ಸ್ಟಾರ್ಟರ್ ಎದುರಿಗೇ ಕಾಣುತ್ತದೆ, ಎರಡು ಮೂರು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಕೆಲವದರಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡನ್ನೇ ತೆಗೆಯಬೇಕು. ಈ ಎರಡನೇ ಬಗೆಯ ಕಾರಾಗಿದ್ದರೆ, ಆರು ತಿಂಗಳಿಗೆ ಮತ್ತೆ ಅದೇ ಕೂಲಿ ಕೊಡುವುದಕ್ಕಿಂತ ಒಮ್ಮೆಲೇ ಒಳ್ಳೆಯ ಮೋಟಾರ್ ಹಾಕಿಸುವುದು ಲೇಸು. ಒಳ್ಳೆಯದೆಂದರೆ ಅಗ್ಗದ ಹೊಸದಲ್ಲ. ಹೆಸರಿಲ್ಲದ ಹೊಸ ಮೋಟಾರಿಗಿಂತ, ಸವೆದ ಭಾಗಗಳನ್ನೆಲ್ಲ ಬದಲಿಸಿ ಪರೀಕ್ಷಿಸಿದ ಮೂಲ ಕಂಪನಿಯ ಮೋಟಾರನ್ನೇ ನಾನು ಆರಿಸುತ್ತೇನೆ. ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಪಿನಿಯನ್ನಿನ ಹಲ್ಲುಗಳನ್ನು ಎಣಿಸಿ, ಬೋಲ್ಟಿನ ರಂಧ್ರಗಳನ್ನೂ ತಿರುಗುವ ದಿಕ್ಕನ್ನೂ ಹೊಂದಿಸಿ ನೋಡಿ. ಬಿಚ್ಚುವವರು ಯಾರೇ ಆಗಲಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಸ್ಟಾರ್ಟರಿನ ದಪ್ಪ ತಂತಿಯಲ್ಲಿ ಕೀಲಿ ಆಫ್ ಇದ್ದರೂ ವಿದ್ಯುತ್ ಇದ್ದೇ ಇರುತ್ತದೆ. ಮೋಟಾರ್ ಎಂಜಿನ್ ಆಯಿಲಿನಲ್ಲಿ ನೆಂದು ಹೊರಬಂದರೆ, ಸೋರಿಕೆಯನ್ನು ನಿಲ್ಲಿಸದೆ ಹೊಸದನ್ನು ಕೂರಿಸಬೇಡಿ.

ಪ್ರಶ್ನೆ: ಕೀಲಿ ತಿರುಗಿಸಿದರೆ ಮೋಟಾರ್ ‘ಗುಂಯ್’ ಎಂದು ಜೋರಾಗಿ ತಿರುಗುವ ಸದ್ದು ಬರುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಮೋಟಾರ್ ಬದಲಿಸಬೇಕೇ?

ಉತ್ತರ: ಮೋಟಾರ್ ತಿರುಗುತ್ತಿದೆಯಾದ್ದರಿಂದ ಅದರ ವಿದ್ಯುತ್ ಭಾಗ ಬಹುಮಟ್ಟಿಗೆ ಸರಿಯಿದೆ. ಮೋಟಾರಿನ ತಿರುಗುವಿಕೆಯನ್ನು ಪಿನಿಯನ್ನಿಗೆ ದಾಟಿಸುವ, ಬೆಂಡಿಕ್ಸ್ ಎಂದು ಗ್ಯಾರೇಜಿನಲ್ಲಿ ಕರೆಯುವ ಪಿನಿಯನ್ ಕ್ಲಚ್ ಜಾರುತ್ತಿರಬಹುದು, ಅಥವಾ ಅದನ್ನು ಮುಂದಕ್ಕೆ ತಳ್ಳುವ ಫೋರ್ಕ್ ಮುರಿದಿರಬಹುದು. ಎರಡೂ ಬಿಡಿಯಾಗಿ ಬದಲಿಸುವ ಭಾಗಗಳೇ. ಮೋಟಾರ್ ಹೊರಗಿರುವಾಗ ಅದು ಕೂತಿದ್ದ ಕಿಂಡಿಯಿಂದ ಫ್ಲೈವೀಲಿನ ಅಂಚಿನ ಹಲ್ಲಿನ ಬಳೆಯಾದ ರಿಂಗ್ ಗಿಯರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಲು ಹೇಳಿ. ಅದರ ಹಲ್ಲುಗಳು ಮುರಿದಿದ್ದರೆ ಹೊಸ ಮೋಟಾರಿನ ಪಿನಿಯನ್ ಕೂಡ ಬೇಗನೆ ಹಾಳಾಗುತ್ತದೆ.

ಪ್ರಶ್ನೆ: ಎಂಜಿನ್ ಸ್ಟಾರ್ಟ್ ಆಗದಿದ್ದರೆ ಎಷ್ಟು ಹೊತ್ತು ಸೆಲ್ಫ್ ಹೊಡೆಯಬಹುದು?

ಉತ್ತರ: ಒಂದು ಸಲಕ್ಕೆ 10 ಸೆಕೆಂಡ್ ಮೀರದಿರಲಿ, ನಡುವೆ ಅರ್ಧ ನಿಮಿಷವಾದರೂ ಬಿಡುವಿರಲಿ. 1912ರ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ಅವರು ವಿದ್ಯುತ್ ಸ್ಟಾರ್ಟರ್ ರೂಪಿಸಿದಾಗ ಅದರ ಹಿಂದಿದ್ದ ಉಪಾಯವೇ, ಚಿಕ್ಕ ಮೋಟಾರನ್ನು ಕೆಲವು ಕ್ಷಣಗಳ ಮಟ್ಟಿಗೆ ಅದರ ಶಕ್ತಿ ಮೀರಿ ದುಡಿಸುವುದು. ಇಂದಿನ ಮೋಟಾರುಗಳೂ ಹಾಗೆಯೇ ಇವೆ, ಹುಟ್ಟಿದ ಕಾವು ಆರಲು ಸಮಯ ಬೇಕು. ಮೂರು ಸಲಕ್ಕೂ ಎಂಜಿನ್ ಹತ್ತಿಕೊಳ್ಳದಿದ್ದರೆ ದೋಷವನ್ನು ಕಾರಿನ ಫ್ಯುಯಲ್ ಪಂಪಿನಲ್ಲೋ ಸ್ಪಾರ್ಕ್ ಪ್ಲಗ್ಗಿನಲ್ಲೋ ಹುಡುಕಿಸಿ.